ತೋಟದ ಮಳೆಲೆಕ್ಕ ಹೊತ್ತಿಗೆ ಸರಿಯಾಗಿ ಮೊಬೈಲಿಗೆ ಬರಬೇಕಾದರೆ

ಕೊಡಗು, ಚಿಕ್ಕಮಗಳೂರಿನ ಕಡೆ ನಾಲ್ಕೈದು ತೋಟದವರು ಸೇರಿ ಸೆನ್ಸರ್ ಇರುವ ಮಳೆಮಾಪಕ ಹಾಕಿಸುವುದು ಈಗ ದೊಡ್ಡ ಕೆಲಸವಲ್ಲ. ಅಳೆದದ್ದನ್ನು ಹಳಸುವ ಮೊದಲು ತಲುಪಿಸುವುದೇ ಕಷ್ಟ. ಮೂರು ಗಂಟೆ ಹಿಂದಿನ ಅಂಕಿ ಈಗಿನದೆಂಬಂತೆ ಕಾಣುವುದು ಅಂಕಿಯೇ ಇಲ್ಲದಿರುವುದಕ್ಕಿಂತ ಕೇಡು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಳೆಲೆಕ್ಕ ಕಳಿಸುತ್ತವೆ, ನಿಜ. ಆದರೆ ಮಲೆನಾಡಿನಲ್ಲಿ ಗುಡ್ಡದ ಆಚೆಯ ಮಳೆಯೇ ಬೇರೆ, ಈಚೆಯದೇ ಬೇರೆ.

ಮೊದಲು ಮಾಪಕವನ್ನು ಪರೀಕ್ಷಿಸಿ. 200 ಮಿ.ಮೀ. ವ್ಯಾಸದ ಬಾಯಿಯ ಮಾಪಕದೊಳಗಿನ ಟಿಪ್ಪಿಂಗ್ ಬಕೆಟ್ (ತುಂಬಿದಾಗಲೆಲ್ಲ ತಾನೇ ಮಗುಚುವ ಪುಟ್ಟ ತೊಟ್ಟಿ) ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ, ಅಂದರೆ ಸುಮಾರು 6.28 ಮಿ.ಲೀ. ನೀರು. 628 ಮಿ.ಲೀ. ನೀರನ್ನು ಒಂದು ಗಂಟೆಯಲ್ಲಿ ಹನಿಹನಿಯಾಗಿ ಬಿಡಿ. 100 ಸಲ ಮಗುಚಬೇಕು. ಗಡಿಬಿಡಿಯಲ್ಲಿ ಸುರಿದರೆ ಬಕೆಟ್ ಮಗುಚುವಷ್ಟರಲ್ಲಿ ಬಿದ್ದ ನೀರು ಲೆಕ್ಕ ತಪ್ಪಿ ಎಣಿಕೆ ಕಡಿಮೆ ಬರುತ್ತದೆ. ಹೆಚ್ಚು ಬಂದರೆ ರೀಡ್ ಸ್ವಿಚ್ (ಮಗುಚಿದ್ದನ್ನು ಅಯಸ್ಕಾಂತದಿಂದ ಗುರುತಿಸುವ ಸ್ವಿಚ್) ಒಂದೇ ಮಗುಚುವಿಕೆಗೆ ಎರಡೆರಡು ಸಲ ಮಿಡಿಯುತ್ತಿರಬಹುದು. ಒಂದು ಮಿಡಿತವಾದ ಮೇಲೆ 100 ಮಿಲಿಸೆಕೆಂಡಿನೊಳಗೆ ಬರುವುದನ್ನು ಎಣಿಸದಂತೆ ಪ್ರೋಗ್ರಾಂ ಬರೆಯಿರಿ. ಗಂಟೆಗೆ 200 ಮಿ.ಮೀ. ಸುರಿದರೂ ಎರಡು ಮಗುಚುವಿಕೆಗಳ ನಡುವೆ 3.6 ಸೆಕೆಂಡ್ ಇರುತ್ತದೆ, ನಷ್ಟವಿಲ್ಲ.

ಇನ್ನು ಕಳಿಸುವ ಮಾಹಿತಿ. "ಕಳೆದ 15 ನಿಮಿಷದ ಮಳೆ" ಎಂದು ಕಳಿಸಲೇಬೇಡಿ. ಒಂದು ಸಂದೇಶ ಕಳೆದುಹೋದರೆ ಅಷ್ಟು ಮಳೆಯೇ ಕಳೆದುಹೋಯಿತು. ಮೊದಲಿನಿಂದ ಏರುತ್ತಲೇ ಇರುವ ಒಟ್ಟು ಎಣಿಕೆಯನ್ನು ಕಳಿಸಿ, ಕಳೆಯುವ ಲೆಕ್ಕವನ್ನು ಸರ್ವರ್ ಮಾಡಲಿ. ಆಗ ನಾಲ್ಕು ಸಂದೇಶ ತಪ್ಪಿದರೂ ಐದನೆಯದು ಮೊತ್ತವನ್ನು ಸರಿಮಾಡುತ್ತದೆ. ಮಾಪಕದ ಸಂಖ್ಯೆಗೆ 1 ಬೈಟ್, ಅಳೆದ ಸಮಯಕ್ಕೆ 4, ಎಣಿಕೆಗೆ 2, ಬ್ಯಾಟರಿ ವೋಲ್ಟೇಜಿಗೆ 2: ಒಟ್ಟು 9 ಬೈಟ್ ಸಾಕು. ಎರಡು ಬೈಟಿನಲ್ಲಿ 65,535ರವರೆಗೆ, ಅಂದರೆ 13,107 ಮಿ.ಮೀ. ತನಕ ಎಣಿಸಬಹುದು, ಆಗುಂಬೆಯ ವರ್ಷದ ಮಳೆಗೂ ಆದೀತು. ಬ್ಯಾಟರಿ ಬದಲಿಸಿದಾಗ ಎಣಿಕೆ ಸೊನ್ನೆಗೆ ಬೀಳುತ್ತದೆ. ಅಳೆದ ಸಮಯದ ಕ್ರಮದಲ್ಲಿ ಜೋಡಿಸಿದಾಗ ಹೊಸ ಸಂಖ್ಯೆ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಅಲ್ಲಿಂದ ಹೊಸದಾಗಿ ಎಣಿಸುವಂತೆ ಸರ್ವರಿಗೆ ಹೇಳಿಡಿ.

ಸಮಯಕ್ಕೆ ಡಿಎಸ್3231 ಗಡಿಯಾರದ ಚಿಪ್ ಹಾಕಿ, ವರ್ಷಕ್ಕೆ ಸುಮಾರು ಒಂದು ನಿಮಿಷವಷ್ಟೇ ತಪ್ಪುತ್ತದೆ. ಒಳಗೆಲ್ಲ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇರಲಿ, ಐದೂವರೆ ಗಂಟೆ ಸೇರಿಸುವುದು ಪರದೆಯ ಮೇಲೆ ಮಾತ್ರ.

ಮಾಪಕದಿಂದ ಸಂದೇಶ ಕಳಿಸುವ ಲೋರಾ ರೇಡಿಯೋ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವಂಥದು) 865–868 ಮೆಗಾಹರ್ಟ್ಜ್‌ನಲ್ಲಿ ಇರಬೇಕು. ಆಂಟೆನಾ ಸಿಕ್ಕಿಸದೆ ಪ್ರಸಾರ ಮಾಡಿದರೆ ಚಿಪ್ ಸುಟ್ಟುಹೋಗಬಹುದು. ಸಿಗ್ನಲ್ ಸಿಗುತ್ತಿಲ್ಲವೆಂದು ತಕ್ಷಣ ಎಸ್ಎಫ್12ಕ್ಕೆ (ಲೋರಾದ ಅತಿ ನಿಧಾನದ, ಅತಿ ದೂರ ತಲುಪುವ ಹಂತ; ಎಸ್ಎಫ್7 ವೇಗದ್ದು) ಹಾರುವವರೇ ಹೆಚ್ಚು. ಅದರಲ್ಲಿ ಇಷ್ಟು ಚಿಕ್ಕ ಸಂದೇಶಕ್ಕೂ ಒಂದು ಸೆಕೆಂಡೋ ಅದಕ್ಕಿಂತ ಹೆಚ್ಚೋ ಬೇಕು, ಎಸ್ಎಫ್7ರ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಂದರ ಮಾತು ಇನ್ನೊಂದಕ್ಕೆ ಬಡಿಯುತ್ತದೆ. ಮೊದಲು ಗೇಟ್‌ವೇ (ಮಾಪಕಗಳ ಸಂದೇಶ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ) ಆಂಟೆನಾವನ್ನು ಮರಗಳಿಗಿಂತ ಮೇಲೇರಿಸಿ ನೋಡಿ. ಮಳೆ ಇರಲಿ ಬಿಡಲಿ, 15 ನಿಮಿಷಕ್ಕೊಮ್ಮೆ ಸಂದೇಶ ಹೋಗಲಿ, ಪ್ರತಿ ಮಾಪಕಕ್ಕೂ 0–30 ಸೆಕೆಂಡಿನ ಹಿಂದುಮುಂದು ಇರಲಿ. ಹತ್ತು ನಿಮಿಷದಲ್ಲಿ 25 ಸಲ (5 ಮಿ.ಮೀ.) ಮಗುಚಿದರೆ ಕಾಯದೆ ಆಗಲೇ ಕಳಿಸಲಿ.

ತಡವಾಗುವುದು ಹೆಚ್ಚಾಗಿ ಗೇಟ್‌ವೇಯಲ್ಲಿ. ಮಳೆ ಜೋರಾದಾಗಲೇ ಕರೆಂಟೂ ನೆಟ್‌ವರ್ಕೂ ಹೋಗುತ್ತವೆ. 3 ವ್ಯಾಟಿನ ಗೇಟ್‌ವೇಗೆ ಮೂರು ದಿನಕ್ಕೆ 216 ವ್ಯಾಟ್-ಅವರ್ ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಬೇಕಾದ್ದರಿಂದ 12 ವೋಲ್ಟ್, 40 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇಡಿ. ಸೋಲಾರ್ ಪ್ಯಾನೆಲ್ ಇದ್ದರೂ ಜುಲೈ ಬಿಸಿಲನ್ನು ನಂಬಬೇಡಿ. ನೆಟ್‌ವರ್ಕ್ ಮರಳಿದಾಗ ತುಂಬಿಟ್ಟ ಸಂದೇಶಗಳಲ್ಲಿ ಹೊಸದು ಮೊದಲು ಹೋಗಲಿ, ಹಳೆಯವು ಆಮೇಲೆ. ಬಂದ ಕ್ರಮದಲ್ಲೇ ಕಳಿಸಿದರೆ ಈಗಿನ ಮಳೆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. 20 ನಿಮಿಷಕ್ಕಿಂತ ಹಳೆಯ ಅಂಕಿಯಿಂದ ಎಚ್ಚರಿಕೆ ಹೊರಡಕೂಡದು; ಇಲ್ಲದಿದ್ದರೆ ಬೆಳಗಿನ ಮಳೆಗೆ ಮಧ್ಯಾಹ್ನ ಫೋನ್ ಕೂಗುತ್ತದೆ.

ಆ್ಯಪಿಗೆ ಅಂಕಿ ತಲುಪಿಸಲು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ ಬಳಸುವವರು ಗಮನಿಸಿ: ರಿಟೇನ್ ಮಾಡಿದ (ಸರ್ವರ್ ಕೊನೆಯದೆಂದು ಹಿಡಿದಿಟ್ಟ) ಸಂದೇಶ, ಆ್ಯಪ್ ತೆರೆದ ಕೂಡಲೇ ಹೊಸದರಂತೆ ಬಂದು ನಿಲ್ಲುತ್ತದೆ, ನಿನ್ನೆಯದಾದರೂ ಸರಿ. ಬಂದ ಸಮಯ ನೋಡದೆ ಅಳೆದ ಸಮಯ ನೋಡಿ "12 ನಿಮಿಷ ಹಿಂದೆ" ಎಂದು ಪಕ್ಕದಲ್ಲೇ ತೋರಿಸಿ. ಸತತ ಮೂರು ಸಂದೇಶ ತಪ್ಪಿದರೆ ಅಂಕಿ ಅಳಿಸಿ "ಸಂಪರ್ಕವಿಲ್ಲ" ಎಂದು ಹಾಕಿ. ಅಲ್ಲಿ ಸೊನ್ನೆ ತೋರಿಸಿದರೆ ಮಳೆಯೇ ಇಲ್ಲವೆಂದು ಗೊಬ್ಬರ ಹಾಕಿಸಿಬಿಡುತ್ತಾರೆ.

ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಬೆಳಗ್ಗೆ 8:30ಕ್ಕೆ. ನಿಮ್ಮ ಮೊತ್ತ ನಡುರಾತ್ರಿಗೆ ಸೊನ್ನೆಯಾದರೆ ತೋಟದ ಪುಸ್ತಕದ ಲೆಕ್ಕಕ್ಕೆ ಎಂದೂ ತಾಳೆಯಾಗದು. ಪ್ಲಾಂಟರುಗಳ ಲೆಕ್ಕ ಇಂಚು, ಸೆಂಟ್ಸಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ): 273 ಮಗುಚುವಿಕೆ, 54.6 ಮಿ.ಮೀ., ಅಂದರೆ 2 ಇಂಚು 15 ಸೆಂಟ್ಸ್. ಹಾಗೆಯೇ ಬರೆಯಿರಿ. ಸಗಟು ಎಸ್ಎಂಎಸ್‌ಗೆ ಡಿಎಲ್‌ಟಿ (ಟೆಲಿಕಾಂ ಕಂಪನಿಗಳ ಎಸ್ಎಂಎಸ್ ವ್ಯವಸ್ಥೆ) ನೋಂದಣಿ, ಒಪ್ಪಿಗೆ ಪಡೆದ ಟೆಂಪ್ಲೇಟ್ ಎರಡೂ ಬೇಕು. ಆ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿಕೊಳ್ಳಿ, ಅಲ್ಲಿಯವರೆಗೆ ಟೆಲಿಗ್ರಾಂ ಬಾಟ್ ನಡೆಯುತ್ತದೆ.

ಎಲ್ಲ ಸರಿಯಿದ್ದೂ ಅಕ್ಕಪಕ್ಕದ ಮಾಪಕಗಳಲ್ಲಿ ಮಳೆ ಬಂದು ಒಂದರಲ್ಲಿ ಮಾತ್ರ ಸೊನ್ನೆ ಬಂದರೆ, ಅಥವಾ ಮಳೆ ನಿಂತು ಗಂಟೆಗಳಾದರೂ ನಿಧಾನವಾಗಿ ಎಣಿಸುತ್ತಲೇ ಇದ್ದರೆ, ಪ್ರೋಗ್ರಾಂ ಕೆದಕುವ ಮೊದಲು ಆಲಿಕೆಯ ಜಾಲರಿ ಬಿಚ್ಚಿ ನೋಡಿ. ಸಿಲ್ವರ್ ಓಕ್ ಎಲೆಯೋ ಜೇಡರ ಬಲೆಯೋ ಕಟ್ಟಿಕೊಂಡಿರುತ್ತದೆ.