ಹೆಸರು ಗೊತ್ತಿಲ್ಲದ ಗಿಡಕ್ಕೆ ಕತ್ತರಿ ಹಾಕುವ ಮುನ್ನ

ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ದಿಬ್ಬವನ್ನು, ಜೆಸಿಬಿ ಕೆರೆಯುತ್ತಿದ್ದಾಗ ಒಂದು ಕುಳ್ಳ ಮರ ಮಣ್ಣಿನ ಜತೆ ಉರುಳಿ ಬಂತು. ಎತ್ತರ ಮೊಣಕಾಲಿನಷ್ಟು. ಬುಡ ಮಾತ್ರ ತೋಳಿನಷ್ಟು ದಪ್ಪ. ಎಷ್ಟೋ ವರ್ಷ ದನ ಮೇದು, ಕತ್ತಿಯೇಟು ತಿಂದು, ಮುರಕಲ್ಲಿನ ಸಂದಿಯಲ್ಲಿ ಬೇರಿಳಿಸಿ ಮುರುಟಿಕೊಂಡಿದ್ದ ಗಿಡ. ಕುಂಡದಲ್ಲಿ ಕುಳ್ಳ ಮರ ಸಾಕುವ ಬೊನ್ಸಾಯ್ ಹುಚ್ಚಿನವರಿಗೆ ಇಂಥದ್ದು ಸಿಕ್ಕರೆ ಲಾಟರಿ ಹೊಡೆದ ಹಾಗೆ. ಗುಡ್ಡದಿಂದ ತಂದ ಇಂಥ ಗಿಡಗಳಿಗೆ ಜಪಾನಿನಲ್ಲಿ ಯಮದೋರಿ ಎಂದು ಬೇರೆ ಹೆಸರೇ ಇದೆ.

ಎಲೆ ಮುಟ್ಟಿದೆ, ಮರಳು ಕಾಗದದಂತೆ ಒರಟು. ಚಿವುಟಿದೆ, ಬಿಳಿ ಹಾಲು. ಪಾತ್ರೆ ತಿಕ್ಕಲು ಬಳಸುತ್ತಿದ್ದ ಗರಗತ್ತಿ ನೆನಪಾಯಿತು. ಗೋಳಿ, ಅತ್ತಿಯ ಬಳಗದ್ದೇ ಗಿಡ ಅದು. ಚೀಟಿಯಲ್ಲಿ 'ಗರಗತ್ತಿ' ಎಂದು ಬರೆದು ಕುಂಡಕ್ಕೆ ಸಿಕ್ಕಿಸಿದೆ. ಎರಡು ವರ್ಷ ಹಾಗೆಯೇ ಸಾಕಿದೆ. ಅದು ಗರಗತ್ತಿ ಆಗಿರಲೇ ಇಲ್ಲ.

ಹೆಸರು ಯಾಕೆ ಅಷ್ಟು ಮುಖ್ಯ? ಗೋಳಿಯಾದರೆ ಮಳೆಗಾಲದಲ್ಲಿ ಎಲೆಯೆಲ್ಲ ಕಿತ್ತರೂ ಮತ್ತೆ ಚಿಗುರುತ್ತದೆ, ಹೊಸ ಎಲೆ ಚಿಕ್ಕದಾಗಿ ಬರುತ್ತದೆ. ಎಲ್ಲ ಗಿಡಕ್ಕೂ ಹಾಗೆ ಮಾಡಿದರೆ ಕೆಲವು ಸತ್ತೇ ಹೋಗುತ್ತವೆ. ಬೇಸಿಗೆಯಲ್ಲಿ ಎಲೆ ಉದುರಿಸುವ ಜಾತಿ ಅಂತ ಗೊತ್ತಿಲ್ಲದಿದ್ದರೆ, ಒಣಗಿತು ಎಂದುಕೊಂಡು ನೀರು ಜಾಸ್ತಿ ಹಾಕಿ ಬೇರು ಕೊಳೆಸುತ್ತೇವೆ. ಶ್ರೀಗಂಧವಾದರೆ ಇನ್ನೂ ಫಜೀತಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಸಿಕ್ಕಿಸಿ ಬದುಕುವ ಗಿಡ ಅದು, ಕುಂಡದಲ್ಲಿ ಒಂಟಿಯಾಗಿ ಏಳಿಗೆಯಾಗುವುದಿಲ್ಲ. ಸಾಲದ್ದಕ್ಕೆ ನಮ್ಮ ಕಾಸರಗೋಡು ಇರುವ ಕೇರಳದಲ್ಲಿ ಸ್ವಂತ ಜಾಗದ ಗಂಧದ ಮರವನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ.

ಮೊದಲು ಕೈಗವಸು

ಗುರುತಿಲ್ಲದ ಗಿಡವನ್ನು ಬರಿಗೈಯಲ್ಲಿ ಸವರಬೇಡಿ. ನನಗೆ ಈ ಬುದ್ಧಿ ಬಂದದ್ದು ಚೇರೆಯಿಂದ. ಘಟ್ಟದ ಮೇಲಿನವರು ಹೊಳಗೇರು ಅನ್ನುವ ಮರ. ಮಾವು, ಗೇರಿನ ಕುಟುಂಬದ್ದೇ, ಎಲೆಯೂ ಮಾವಿನ ಎಲೆಯ ಅಣ್ಣನ ಹಾಗಿರುತ್ತದೆ. ಕಡಿದ ಜಾಗದಲ್ಲಿ ಸೊನೆ ಒಸರಿ ನೋಡುನೋಡುತ್ತಲೇ ಕಪ್ಪಾಗುತ್ತದೆ. ಅದು ಮೈಗೆ ತಾಗಿದರೆ ಬೊಕ್ಕೆ. ಒಂದು ವಾರ ನಾನು ಊಟವನ್ನು ಚಮಚದಲ್ಲಿ ಮಾಡಿದೆ. ಎಲೆಯ ತೊಟ್ಟಿನ ಮೇಲೆ ಎರಡು ಪುಟ್ಟ ಮುಳ್ಳಿನಂಥ ಮೊಳಕೆ ಕಂಡರೆ ಅಲ್ಲೇ ಕತ್ತರಿ ಕೆಳಗಿಡಿ.

ಇನ್ನೊಂದು ಮಾತು. ಏನನ್ನೂ ಜಗಿದು ನೋಡಬೇಡಿ. ಹಾಲೆ ತೊಗಟೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆಯ ಕತ್ತಲಲ್ಲಿ ಹಾಲೆ ಮರವೆಂದು ಕಾಸರಕದ ತೊಗಟೆ ತಂದು ಕಷಾಯ ಮಾಡಿ ಕುಡಿದು ಪ್ರಾಣಕ್ಕೇ ಸಂಚಕಾರ ತಂದುಕೊಂಡವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಕಾಸರಕದ ತೊಗಟೆ, ಬೀಜಗಳಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಹಗಲಿನಲ್ಲಿ ನೋಡಿದರೆ ಈ ಎರಡು ಮರಗಳಿಗೆ ಏನೇನೂ ಹೋಲಿಕೆ ಇಲ್ಲ. ಹಾಲೆಯಲ್ಲಿ ಒಂದೇ ಗಂಟಿನಿಂದ ನಾಲ್ಕರಿಂದ ಏಳು ಎಲೆ ಕೊಡೆಯಂತೆ ಹರಡಿರುತ್ತವೆ. ಅದಕ್ಕೇ ಸಪ್ತಪರ್ಣಿ ಎಂಬ ಹೆಸರು. ಚಿವುಟಿದರೆ ಹಾಲು. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ, ಹಾಲಿಲ್ಲ.

ಊರು ಬರೆದಿಡಿ

ಗಿಡ ಎಲ್ಲಿಂದ ಬಂತು? ಪದವಿನ (ಗುಡ್ಡದ ಮೇಲಿನ ಬಯಲಿನ) ಒಣ ಮುರಕಲ್ಲೇ, ತೋಡಿನ ಬದಿಯೇ, ಹಳೆ ಗೋಡೆಯ ಬಿರುಕೇ, ಹೊಳೆ ಅಳಿವೆಯೇ? ಇದೊಂದರಿಂದಲೇ ಅರ್ಧ ಹೆಸರು ಹೊರಟುಹೋಗುತ್ತವೆ. ಗೋಡೆ ಬಿರುಕಿನಲ್ಲಿ ಹುಟ್ಟಿದ್ದು ಹಕ್ಕಿ ಹಿಕ್ಕೆಯಿಂದ ಬಂದ ಗೋಳಿ, ಅಶ್ವತ್ಥದ ಜಾತಿ ಇರುವುದೇ ಜಾಸ್ತಿ. ಪದವಿನ ಮೇಲೆ ಕುಂಟುನೇರಳೆ, ಕೇಪಳ, ಕಾರೆ ಸಿಗುತ್ತವೆ. ತಾರೀಕನ್ನೂ ಬರೆಯಿರಿ. ಆ ದಿನ ಎಲೆ ಇತ್ತೇ, ಬೋಳಾಗಿತ್ತೇ ಎಂಬುದೂ ಸಾಕ್ಷಿಯೇ.

ಮೀಸಲು ಅರಣ್ಯದಿಂದ ಕಿತ್ತು ತರುವುದು ಅಪರಾಧ. ನಾಗಬನ, ಕಾವುಗಳ ಗಿಡಕ್ಕೆ ಕೈ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ ಬಿಡಿ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ, ಕಲ್ಲಿನ ಕೋರೆ ಅಗೆಯುವಾಗ, ಮನೆ ಕಟ್ಟಲು ಗುಡ್ಡ ತಟ್ಟು ಮಾಡುವಾಗ ಹೇಗೂ ಸಾಯುವ ಗಿಡಗಳು ಎಷ್ಟೋ ಇದ್ದವು, ಇವೆ. ಜಾಗದವರನ್ನು ಕೇಳಿ ತಂದರಾಯಿತು.

ಒಂದು ಕೊಂಬೆ ಅದರ ಪಾಡಿಗೆ

ಇಲ್ಲಿಯೇ ಬೊನ್ಸಾಯ್‌ನವರು ಎಡವುವುದು. ಕುಂಡಕ್ಕೆ ಹಾಕಿದ ತಕ್ಷಣ ಸವರಿ ಆಕಾರ ಕೊಡುವ ಆತುರ. ಸವರಿದ ಗಿಡದ ಎಲೆ ಚಿಕ್ಕದಾಗುತ್ತದೆ. ಕಡಿದ ಬುಡದಿಂದ ಒಡೆದ ಚಿಗುರಿನ ಎಲೆ ತೀರಾ ದೊಡ್ಡದಾಗಿ ಬರುತ್ತದೆ. ಎರಡೂ ಆ ಮರದ ನಿಜ ಎಲೆ ಅಲ್ಲ. ಹಲಸನ್ನೇ ನೋಡಿ. ದೊಡ್ಡ ಮರದ ಎಲೆ ಗುಂಡಗೆ, ನುಣ್ಣಗೆ. ಎಳೆ ಸಸಿಯ ಎಲೆ ಮೂರು ಸೀಳು, ಐದು ಸೀಳು. ಗೊತ್ತಿಲ್ಲದವರು ಬೇರೆಯೇ ಗಿಡ ಅನ್ನುತ್ತಾರೆ.

ಆದ್ದರಿಂದ ಒಂದು ಕೊಂಬೆಯನ್ನು ಕತ್ತರಿ ಮುಟ್ಟಿಸದೆ ಒಂದು ವರ್ಷ ಬೆಳೆಯಲು ಬಿಡಿ. ಬುಡವೂ ದಪ್ಪವಾಗುತ್ತದೆ, ಸರಿಯಾದ ಎಲೆಯೂ ಸಿಗುತ್ತದೆ. ಅದೃಷ್ಟವಿದ್ದರೆ ಹೂವೂ.

ಎಲೆ ಕೂತಿರುವ ಜಾಗ

ಎಲೆಯ ಗಾತ್ರ, ಆಕಾರ ಬದಲಾಗಬಹುದು. ಅದು ಕೊಂಬೆಯ ಮೇಲೆ ಕೂರುವ ಕ್ರಮ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಒಂದು ಗಂಟಿನಲ್ಲಿ ಒಂದೇ ಎಲೆಯೇ, ಎದುರುಬದುರು ಎರಡೇ, ಸುತ್ತ ನಾಲ್ಕಾರೇ? ನೇರಳೆ, ಕೇಪಳ, ಕಾರೆ, ಶ್ರೀಗಂಧ ಎಲ್ಲ ಜೋಡಿ ಎಲೆಯವು. ಗೋಳಿ, ಹಲಸು, ಬೋರೆ ಒಂಟಿ ಎಲೆಯವು.

ಜೋಡಿ ಎಲೆಯಾದರೆ ಎರಡು ತೊಟ್ಟುಗಳ ನಡುವೆ, ಕಾಂಡದ ಮೇಲೆ ಪುಟ್ಟ ತ್ರಿಕೋನದ ಚೂಪು ಪೊರೆ ಇದೆಯೇ ನೋಡಿ. ಇದ್ದರೆ ಕೇಪಳ, ಕಾರೆ, ಕಾಫಿಯ ಕುಟುಂಬ. ಒಂಟಿ ಎಲೆಯಾದರೆ ತೊಟ್ಟಿನ ಬುಡದಲ್ಲಿ ಕಾಂಡದ ಸುತ್ತ ಉಂಗುರದಂಥ ಗೆರೆ ಇದೆಯೇ ನೋಡಿ. ಗೋಳಿ, ಅಶ್ವತ್ಥ, ಅತ್ತಿಯಲ್ಲಿ ಕುಡಿಯನ್ನು ಚೂಪು ಟೊಪ್ಪಿಯೊಂದು ಮುಚ್ಚಿರುತ್ತದೆ. ಎಲೆ ಬಿಚ್ಚಿದಾಗ ಟೊಪ್ಪಿ ಉದುರಿ ಆ ಉಂಗುರ ಉಳಿಯುತ್ತದೆ. ಹಲಸಿನಲ್ಲೂ ಇದೆ. ಈ ಉಂಗುರದ ಗೆರೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ಬಿಡಿ ಎಲೆಯೋ, ಗರಿಯೋ ಎಂಬ ಗೊಂದಲ. ಹುಣಸೆಯ ಪುಟ್ಟ ಎಲೆಗಳೆಲ್ಲ ಸೇರಿ ಒಂದೇ ಎಲೆ. ನೆಲ್ಲಿಯೂ ಹಾಗೇ ಕಾಣುತ್ತದೆ, ಆದರೆ ಅಲ್ಲಿ ಒಂದೊಂದು ಪುಟ್ಟ ಎಲೆಯೂ ಪೂರ್ತಿ ಎಲೆ, ಗರಿಯಂತೆ ಕಾಣುವುದು ಸಣ್ಣ ಕೊಂಬೆ. ಹೇಗೆ ಹೇಳುವುದು? ಮೊಗ್ಗು ಎಲ್ಲಿದೆ ನೋಡಿ. ನೆಲ್ಲಿಯ ಪುಟ್ಟ ಎಲೆಗಳ ಕಂಕುಳಲ್ಲೇ ಹೂ ಬರುತ್ತದೆ. ಹುಣಸೆಯಲ್ಲಿ ಬರುವುದಿಲ್ಲ.

ಹಾಲು, ಬಣ್ಣ, ವಾಸನೆ

ಎಲೆಯ ತೊಟ್ಟು ಮುರಿದು ಅರ್ಧ ನಿಮಿಷ ಕಾಯಿರಿ. ಬಿಳಿ ಹಾಲಾದರೆ ಗೋಳಿ, ಹಲಸು, ಹಾಲೆಯ ಬಳಗ. ಹಳದಿಯಾದರೆ ಪುನರ್ಪುಳಿಯ ಬಳಗ. ಕಪ್ಪಾದರೆ ಕೈ ತೊಳೆಯಿರಿ. ಬೇಸಿಗೆಯ ಮಧ್ಯಾಹ್ನ ಹಾಲು ಸರಿಯಾಗಿ ಬರದೆ ಮೋಸವಾಗುತ್ತದೆ. ಬೆಳಿಗ್ಗೆಯೇ ನೋಡುವುದು ಒಳ್ಳೆಯದು.

ನಂತರ ಎಲೆಯನ್ನು ಬಿಸಿಲಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ಬೆಳಕಿನ ಚುಕ್ಕಿಗಳು ಕಂಡರೆ ಎಣ್ಣೆಯ ಚೀಲಗಳು. ಉಜ್ಜಿ ಮೂಸಿ. ನಿಂಬೆಯ ವಾಸನೆ ಬಂದು, ಎಲೆ ಒಂಟಿಯಾಗಿ, ಮುಳ್ಳೂ ಇದ್ದರೆ ಕಾಡುನಿಂಬೆಯ ಜಾತಿ. ಬೊನ್ಸಾಯ್‌ಗೆ ಬಹಳ ಒಳ್ಳೆಯ ಗಿಡ. ಎಲೆ ಜೋಡಿಯಾಗಿದ್ದು, ಅಂಚಿಗೆ ಸಮವಾಗಿ ಇನ್ನೊಂದು ತೆಳು ನರ ಓಡಿದ್ದರೆ ನೇರಳೆಯ ಕಡೆಯದ್ದು.

ಬುಡದಿಂದಲೇ ಮೂರು ನರ ಹೊರಡುವ ಎಲೆ ಕಂಡರೆ ನಿಧಾನ ಮಾಡಿ. ಕಾಡಿನ ದಾಲ್ಚಿನ್ನಿಯಲ್ಲೂ ಹಾಗೆ, ಕಾಸರಕದಲ್ಲೂ ಹಾಗೆ. ಎರಡೂ ಹೊಳೆಯುವ ಜೋಡಿ ಎಲೆಯವು. ಒಂದನ್ನು ಉಜ್ಜಿದರೆ ಪಲಾವಿನ ಪರಿಮಳ, ಇನ್ನೊಂದಕ್ಕೆ ಅದಿಲ್ಲ. ನೆಕ್ಕರಿಕದಲ್ಲೂ ಉದ್ದುದ್ದ ನರಗಳಿವೆ, ಆದರೆ ಎಲೆ ಮುಟ್ಟಿದರೆ ರೋಮ. ಬೋರೆಯಲ್ಲಿ ಒಂಟಿ ಎಲೆ, ಮುಳ್ಳು, ಎಲೆಯ ಹಿಂಭಾಗ ಬೆಳ್ಳಗೆ.

ನಾಲ್ಕು ಭಾಷೆಯಲ್ಲಿ ಕೇಳಿ

ಕಾಸರಗೋಡಿನಲ್ಲಿ ಇರುವುದರ ಲಾಭ ಇದು. ಒಂದೇ ಗಿಡಕ್ಕೆ ಕನ್ನಡ, ತುಳು, ಮಲಯಾಳಂ, ಹವ್ಯಕ, ಕೊಂಕಣಿ, ಕರಾಡ, ಬ್ಯಾರಿ ಎಂದು ಎಷ್ಟೊಂದು ಹೆಸರು. ಸೊಪ್ಪು ಕಡಿಯುವವರು, ಮದ್ದು ಕೊಡುವವರು, ದನ ಮೇಯಿಸಿದ ಅಜ್ಜಂದಿರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಯಾವ ಭಾಷೆಯ ಹೆಸರು ಎಂಬುದನ್ನೂ ಬರೆಯಿರಿ. ಯಾಕೆಂದರೆ ಹೆಸರೂ ಮೋಸ ಮಾಡುತ್ತದೆ. ನಮ್ಮಲ್ಲಿ ಹೊನ್ನೆ ಎಂದರೆ ಕಡಲ ಬದಿಯ, ದೀಪದೆಣ್ಣೆಯ ಮರ. ಘಟ್ಟದ ಮೇಲೆ ಹೊನ್ನೆ ಎಂದರೆ ಕೆಂಪು ಸೊನೆಯ ಮರ, ಮಲಯಾಳದ ವೇಂಗ. ನೆಕ್ಕರೆ ಎಂದು ಒಂದು ಮಾವೂ ಇದೆ, ನೆಕ್ಕರಿಕ ಎಂದು ನೇರಳೆ ಬಣ್ಣದ ಹೂವಿನ ಪೊದೆಯೂ ಇದೆ.

ಮೊಬೈಲಿನ ಆಪ್‌ಗಳನ್ನು ಬಳಸಿ, ತಪ್ಪಿಲ್ಲ. ಆದರೆ ಕುಂಡದ ಗಿಡದ ಫೋಟೊ ಹಾಕಿದರೆ ಸುಮ್ನೆ ಏನೋ ಹೇಳುತ್ತವೆ. ಬಿಟ್ಟುಕೊಂಡ ಕೊಂಬೆಯ ಎಲೆಯ ಮುಂಭಾಗ, ಹಿಂಭಾಗ, ಗಂಟು, ಕುಡಿ, ಹೀಗೆ ಬೇರೆ ಬೇರೆ ಫೋಟೊ ಹಾಕಿ. ಉತ್ತರವನ್ನು ಸುಳಿವು ಎಂದಷ್ಟೇ ತಿಳಿಯಿರಿ.

ಗಟ್ಟಿ ಉತ್ತರ ಬೇಕಾದರೆ ಹೂವೋ ಕಾಯೋ ಇರುವ ಗೇಣುದ್ದದ ಕೊಂಬೆಯನ್ನು ಹಳೆ ಪೇಪರಿನ ನಡುವೆ ಹರಡಿ ಮೇಲೆ ಭಾರ ಇಡಿ. ಪೇಪರನ್ನು ದಿನಾ ಬದಲಿಸಿ. ಮಳೆಗಾಲದಲ್ಲಿ ಮೂರೇ ದಿನಕ್ಕೆ ಬೂಸ್ಟು ಬರುತ್ತದೆ, ಒಲೆಯ ಮೇಲಿನ ಅಟ್ಟವೇ ಗತಿ. ಒಣಗಿದ ಮೇಲೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದವರಿಗೆ ತೋರಿಸಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ವಿಭಾಗವೇ ಇದೆ.

ನನ್ನ ಬರೆಯ ಗಿಡ

ಎರಡನೇ ಮಳೆಗಾಲ ಮುಗಿದರೂ ನನ್ನ 'ಗರಗತ್ತಿ' ಒಂದು ಬಿಳಲೂ ಬಿಡಲಿಲ್ಲ. ಗರಗತ್ತಿ ಬಿಳಲು ಬಿಡುವ ಜಾತಿಯೇ ಅಲ್ಲ, ಅದು ಬೇರೆ ಮಾತು. ಪಕ್ಕದ ಮನೆಯ ಮಲಯಾಳಿ ಅಜ್ಜ ಬಂದವರು ಎಲೆ ಸವರಿ "ಪರುವ" ಎಂದರು. ನಾನು ವಾದ ಮಾಡಿದೆ. ಅವರು ಹೋದ ಮೇಲೆ ಭೂತಗನ್ನಡಿ ತಂದು ಗಂಟು ನೋಡಿದೆ. ಉಂಗುರದ ಗೆರೆ ಇಲ್ಲ. ಗರಗತ್ತಿಯ ಎಲೆಗೆ ಉದ್ದ ತೊಟ್ಟು, ಬುಡದಲ್ಲಿ ಮೂರು ನರ. ಇದರ ಎಲೆಗೆ ತೊಟ್ಟೇ ಇಲ್ಲವೆನ್ನುವಷ್ಟು ಗಿಡ್ಡ, ನಡುವೆ ಒಂದೇ ದಪ್ಪ ನರ, ಎಲೆಗಳು ಎರಡೇ ಸಾಲಿನಲ್ಲಿ. ಒರಟು, ಹಾಲು ಎರಡೂ ಹೊಂದಿದ್ದರಿಂದ ನಾನು ಮುಂದೆ ನೋಡಿಯೇ ಇರಲಿಲ್ಲ, ಅಲ್ವಾ.

ಅದು ಮಿಟ್ಲಿ, ಅಜ್ಜ ಹೇಳಿದ ಪರುವ. ಶಾಸ್ತ್ರದ ಹೆಸರು ಸ್ಟ್ರೆಬ್ಲಸ್ ಆಸ್ಪರ್. ಗೋಳಿಯ ಕುಟುಂಬವೇ, ಆದರೆ ಗೋಳಿಯಲ್ಲ. ಥಾಯ್ಲೆಂಡಿನವರು ಇದರ ತೊಗಟೆಯಿಂದ ಕಾಗದ ಮಾಡುತ್ತಿದ್ದರು, ಗಿಡವನ್ನು ಸವರಿ ಆಕಾರ ಕೊಡುವುದೂ ಅಲ್ಲಿ ಹಳೆಯ ಕಲೆ. ಎಷ್ಟು ಸವರಿದರೂ ಬುಡದವರೆಗೆ ಚಿಗುರುವ ಗಿಡ. ನಮ್ಮ ದನಗಳು ಬರೆಯ ಮೇಲೆ ಅದನ್ನೇ ಮಾಡಿದ್ದವು.

ಚೀಟಿ ಬದಲಿಸಿದ್ದೇನೆ. ಇದರಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ ಗಿಡ. ಹೆಣ್ಣಾದರೆ ಬಟಾಣಿ ಗಾತ್ರದ ಹಳದಿ ಹಣ್ಣು ಬರುತ್ತದೆ. ಅದಕ್ಕಾಗಿ ಚೀಟಿಯ ಕೆಳಗೆ ಇನ್ನೊಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.