ಮೋಟರ್ ಬದಲಾಯಿಸಿದ ಮೇಲೆ ನಾನು ಕಲಿತದ್ದು

ಮಿನಿಯಾಪೊಲಿಸ್‌ನಲ್ಲಿ ಜನವರಿಯ ಆ ಶನಿವಾರ ಬೆಳಿಗ್ಗೆ ಸೊನ್ನೆಗಿಂತ 22 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಕನ್ನಡ ಬಳಗದ ಸಂಕ್ರಾಂತಿ ಊಟಕ್ಕೆ ಮಾಡಿದ ಬಿಸಿಬೇಳೆಬಾತಿನ ಮೂರು ದೊಡ್ಡ ಪಾತ್ರೆಗಳು ನನ್ನ ಪಿಕಪ್‌ನ ಹಿಂಭಾಗದಲ್ಲಿದ್ದವು. ಸಭಾಂಗಣದ ಮುಂದೆ ನಿಲ್ಲಿಸಿ ಗುಂಡಿ ಒತ್ತಿದೆ. ಪಿಕಪ್‌ನ ಹಿಂಭಾಗವನ್ನು ಮುಚ್ಚುವ, ಮೋಟರಿನಿಂದ ಸರಿಯುವ ಅಲ್ಯೂಮಿನಿಯಂ ಮುಚ್ಚಳ ಒಂದು ಗೇಣು ಸರಿಯಿತು, ನಿಂತಿತು, ಮತ್ತೆ ಮುಚ್ಚಿಕೊಂಡಿತು. ಐದು ಸಲ ಒತ್ತಿದರೂ ಅದೇ ಕಥೆ. ಕೊನೆಗೆ ಹಿಂಬಾಗಿಲು ಇಳಿಸಿ, ಒಬ್ಬ ಹುಡುಗ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ, ಪಾತ್ರೆಗಳನ್ನು ಒಂದೊಂದಾಗಿ ತಳ್ಳಿಕೊಟ್ಟ.

ಈ ಮುಚ್ಚಳ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು. ಪಿಕಪ್‌ನ ಸರಕು ತೊಟ್ಟಿಯನ್ನು ಇಲ್ಲಿಯವರು ಬೆಡ್ ಎನ್ನುತ್ತಾರೆ. ಅದರ ಎರಡೂ ಅಂಚಿಗೆ ಹಳಿಗಳಿರುತ್ತವೆ. ಒಂದಕ್ಕೊಂದು ಕೊಂಡಿಯಾದ ಪಟ್ಟಿಗಳ ಮುಚ್ಚಳ ಆ ಹಳಿಗಳ ಮೇಲೆ ಜಾರಿ, ಚಾಲಕನ ಕೋಣೆಯ ಬೆನ್ನಿಗಿರುವ ಉದ್ದನೆಯ ಡಬ್ಬದೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ನಮ್ಮೂರಿನ ಅಂಗಡಿಗಳ ರೋಲಿಂಗ್ ಶಟರ್ ಅಡ್ಡಡ್ಡ ಮಲಗಿದಂತೆ. 12 ವೋಲ್ಟಿನ ಮೋಟರ್ ಕೂಡ ಆ ಡಬ್ಬದಲ್ಲೇ ಇರುತ್ತದೆ. ಅದರ ನಿಯಂತ್ರಕ ಪೆಟ್ಟಿಗೆ ಮೋಟರ್ ಎಳೆಯುವ ಕರೆಂಟನ್ನು ಗಮನಿಸುತ್ತಿರುತ್ತದೆ. ಕರೆಂಟ್ ಮಿತಿ ಮೀರಿದರೆ ಯಾರದೋ ಕೈ ಸಿಕ್ಕಿಕೊಂಡಿದೆ ಎಂದು ತಿಳಿದು ನಿಲ್ಲಿಸುತ್ತದೆ, ಹಿಂದಕ್ಕೆ ಸರಿಸುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಕೈಗೂ ಮಂಜುಗಡ್ಡೆಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು.

ಬಿಡಿಭಾಗದ ಅಂಗಡಿಯವರು ನನ್ನ ವಿವರಣೆ ಮುಗಿಯುವ ಮೊದಲೇ ಮೋಟರ್ ಹೋಗಿದೆ ಎಂದರು. ಮುಚ್ಚಳ ನಾನು ಸೆಕೆಂಡ್‌ಹ್ಯಾಂಡ್ ಕೊಂಡ ಪಿಕಪ್ ಜೊತೆಗೇ ಬಂದದ್ದರಿಂದ ವಾರಂಟಿ ನನಗೆ ಸಿಗುವಂತಿರಲಿಲ್ಲ. 480 ಡಾಲರ್ ಕೊಟ್ಟೆ. ಹೊಸ ಮೋಟರ್ ಮೂರು ವಾರ ಚೆನ್ನಾಗಿ ನಡೆಯಿತು, ಮಾರ್ಚ್ ಮೊದಲ ವಾರದಲ್ಲಿ ಮತ್ತದೇ ಒಂದು ಗೇಣು.

ನಾನು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ಮಾಡುವವನು. ನನ್ನ ಕೈಕೆಳಗಿನ ಹುಡುಗರು ಅಳತೆ ಮಾಡದೆ ಬಿಡಿಭಾಗ ಬದಲಾಯಿಸಿದರೆ ನಾನು ಸುಮ್ಮನಿರುವುದಿಲ್ಲ. ನನ್ನದೇ ಗಾಡಿಯ ವಿಷಯದಲ್ಲಿ ಆ ಶಿಸ್ತನ್ನು ಬಿಟ್ಟದ್ದು ತಪ್ಪು. ಬಿಚ್ಚಿ ತಂದಿದ್ದ ಹಳೆಯ ಮೋಟರನ್ನು ಮೇಜಿನ ಮೇಲಿಟ್ಟು ಬ್ಯಾಟರಿಗೆ ಕೊಟ್ಟೆ. ಲಟಲಟ ಎನ್ನದೆ, ತಡವರಿಸದೆ ತಿರುಗಿತು.

ಹಾಗಾದರೆ ಮೂರು ವಾರ ನಡೆದದ್ದು ಹೇಗೆ? ಡಬ್ಬದ ಮುಚ್ಚಳ ತೆಗೆದಾಗ ಉತ್ತರ ಸಿಕ್ಕಿತು. ತಳದಲ್ಲಿ ಎರಡು ಬೆರಳು ದಪ್ಪ ಮಂಜುಗಡ್ಡೆ, ಸುರುಳಿಯ ಕೆಳಗಿನ ಪಟ್ಟಿ ಅದರಲ್ಲೇ ಹೂತಿತ್ತು. ರಿಪೇರಿಯ ಸಮಯದಲ್ಲಿ ಗಾಡಿ ಅಂಗಡಿಯ ಬಿಸಿ ಶೆಡ್ಡಿನಲ್ಲಿ ಎರಡು ದಿನ ನಿಂತಿತ್ತಲ್ಲ, ಆಗ ಮಂಜು ಕರಗಿತ್ತು. ರಿಪೇರಿ ಮಾಡಿದ್ದು ಆ ಶಾಖ, ಹಣ ತೆಗೆದುಕೊಂಡದ್ದು ಮೋಟರ್.

ಇಂಥ ಮುಚ್ಚಳಗಳು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ, ತಡೆಯುವಂತೆ ಮಾಡಿದವೂ ಅಲ್ಲ. ಪಟ್ಟಿಗಳ ಅಂಚಿನಿಂದ ಇಳಿದ ನೀರು ಹಳಿಯ ಕಾಲುವೆಯಲ್ಲಿ ಹರಿದು, ಡಬ್ಬದ ಮೂಲೆಗಳಿಂದ ರಬ್ಬರ್ ಕೊಳವೆಗಳ ಮೂಲಕ ಗಾಡಿಯ ಕೆಳಗೆ ಹೋಗಬೇಕು. ನನ್ನ ಗಾಡಿಯ ಎಡಗಡೆಯ ಕೊಳವೆ ತೊಟ್ಟಿಯ ಗೋಡೆಯ ಹಿಂದೆ ಮಡಚಿಕೊಂಡಿತ್ತು. ಬಲಗಡೆಯದರಿಂದ ಬೂದುಬಣ್ಣದ ಬತ್ತಿಯಂಥದ್ದು ಹೊರಬಂತು: ಕಾಟನ್‌ವುಡ್ ಮರದ ಹತ್ತಿ. ಜೂನ್ ತಿಂಗಳಲ್ಲಿ ಈ ಊರಿನ ಗಾಳಿಯ ತುಂಬ ಹಾರಾಡುವ ಆ ಹತ್ತಿ ಮೇಪಲ್ ಬೀಜಗಳೊಂದಿಗೆ ಸೇರಿ, ಒದ್ದೆಯಾಗಿ, ಗಟ್ಟಿಯಾಗಿ ಕೂತಿತ್ತು. ಮಲೆನಾಡಿನ ನಮ್ಮ ಮನೆಗೆ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಬರುತ್ತಿತ್ತು. ಮಳೆಗಾಲದ ಬೆಳಿಗ್ಗೆ ಕೋಲು ಹಿಡಿದು ಹೋಗಿ ದಬ್ಬೆಯಲ್ಲಿ ಸಿಕ್ಕ ತರಗೆಲೆ ತೆಗೆಯುವುದು ನನ್ನ ಪಾಲಿನ ಕೆಲಸ. ಅದೇ ಕೆಲಸವನ್ನು ಇಲ್ಲಿ ಹಳೆಯ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಿಂದ ಮಾಡಿದೆ. ತಂತಿ ಹಾಕಬೇಡಿ, ಕೊಳವೆ ತೂತಾಗುತ್ತದೆ. ಕೊಳವೆಗೆ ಊದುವ ಗಾಳಿಯ ಒತ್ತಡ ಹೆಚ್ಚಾದರೆ ಒಳಗಿನ ಜೋಡಣೆ ಕಳಚಿಕೊಳ್ಳುತ್ತದೆ.

ನೀರಿನ ದಾರಿ ತೆರೆದ ಮೇಲೂ ಮುಚ್ಚಳ ನಿಧಾನವಾಗಿ, ಏದುಸಿರು ಬಿಡುವಂತೆ ಸರಿಯುತ್ತಿತ್ತು. ಮಲ್ಟಿಮೀಟರ್ ಹಿಡಿದೆ. ಮೋಟರ್ ನಡೆಯುತ್ತಿರುವಾಗ ಬ್ಯಾಟರಿಯಲ್ಲಿ 12.3 ವೋಲ್ಟ್, ನಿಯಂತ್ರಕದ ಬಳಿ 10.2. ನಡುವೆ 2.1 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ನಿಯಂತ್ರಕದ ಕಪ್ಪು (ಅರ್ತ್) ವೈರಿಗೆ ಹಿಡಿದೆ. 1.6 ವೋಲ್ಟ್ ಅಲ್ಲೇ ಸಿಕ್ಕಿತು. 0.2 ದಾಟಬಾರದ ಜಾಗ ಅದು. ಉಳಿದದ್ದು ಹಸಿರು ತುಕ್ಕು ಹಿಡಿದ ಫ್ಯೂಸ್ ಹಿಡಿಕೆಯಲ್ಲಿತ್ತು. ಈ ಅಳತೆಯನ್ನು ಮೋಟರ್ ಓಡುತ್ತಿರುವಾಗಲೇ ಮಾಡಬೇಕು. ಕರೆಂಟ್ ಹರಿಯದಿದ್ದರೆ ಕೆಟ್ಟ ಜೋಡಣೆಯೂ 12 ವೋಲ್ಟ್ ತೋರಿಸುತ್ತದೆ. ಅಂಗಡಿಯವರು ಮೋಸಹೋದದ್ದು ಅಲ್ಲಿಯೇ ಇರಬೇಕು.

ಕಪ್ಪು ವೈರಿನ ತುದಿಯ ಲೋಹದ ಬಳೆಯನ್ನು ಯಾರೋ ತೊಟ್ಟಿಯ ಬೋಲ್ಟಿಗೆ ಬಣ್ಣದ ಮೇಲೆಯೇ ಬಿಗಿದಿದ್ದರು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ನೀರು ಉಳಿದ ಕೆಲಸ ಮುಗಿಸಿತ್ತು. ಬಳೆ ಕತ್ತರಿಸಿ ಹೊಸದು ಹಾಕಿ, ಚಾಸಿಯ ಮೇಲೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ತುಕ್ಕು ತಡೆಯುವ ಲೇಪ ಬಳಿದೆ. ಫ್ಯೂಸ್ ಹಿಡಿಕೆಯನ್ನೂ ಬದಲಾಯಿಸಿದೆ. ನಿಯಂತ್ರಕದ ಬಳಿ 12 ವೋಲ್ಟ್ ಬಂತು.

ಹಳಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಹಳಿಗಳ ನಡುವಿನ ಅಗಲ ಮುಂದೆ ಮತ್ತು ಹಿಂದೆ ಒಂದೇ ಇರಬೇಕು. ನನ್ನದರಲ್ಲಿ 6 ಮಿಲಿಮೀಟರ್ ವ್ಯತ್ಯಾಸವಿತ್ತು. ಹಳಿಗಳನ್ನು ತೊಟ್ಟಿಗೆ ಬಿಗಿದ ಹಿಡಿಕೆಗಳನ್ನು ಸಡಿಲಿಸಿ ಸರಿಪಡಿಸಿದೆ. ಹಳಿಗೆ ಗ್ರೀಸ್ ಮಾತ್ರ ಹಚ್ಚಬೇಡಿ. ಮರಳಿನ ಕಣಗಳು ಅಂಟಿಕೊಂಡು ಅರೆಯುವ ಹಿಟ್ಟಾಗುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ತೆಳುವಾಗಿ ಒರೆಸಿದರೆ ಸಾಕು. ಕೆಲಸ ಮುಗಿದ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ಮುಚ್ಚಳವನ್ನು ಪೂರ್ತಿ ತೆರೆದು ಮುಚ್ಚಿ, ಅದು ಎಲ್ಲಿಂದ ಎಲ್ಲಿಯವರೆಗೆ ಸರಿಯಬೇಕು ಎಂಬ ಮಿತಿಗಳನ್ನು ನಿಯಂತ್ರಕಕ್ಕೆ ಮತ್ತೆ ಕಲಿಸಬೇಕು.

ಮೂಲ ವಿನ್ಯಾಸವೇ ಸೋಲುವ ಸಂದರ್ಭಗಳೂ ಇವೆ. ರಿವಿಯನ್ ಕಂಪನಿ ತನ್ನ ವಿದ್ಯುತ್ ಪಿಕಪ್‌ನ ಮೋಟರ್ ಮುಚ್ಚಳವನ್ನು 2022ರಲ್ಲಿ ನಿಲ್ಲಿಸಿ, ಮುಂದೆ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಅಂಥದ್ದಕ್ಕೆ ನಾವು ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನಿಲ್ಲ.

ಈಗ ಹತ್ತಿ ಹಾರುವುದು ನಿಂತ ಮೇಲೆ ಜುಲೈನಲ್ಲಿ ಒಮ್ಮೆ, ಹಿಮ ಬೀಳುವ ಮೊದಲು ಅಕ್ಟೋಬರಿನಲ್ಲಿ ಒಮ್ಮೆ, ಎರಡೂ ಮೂಲೆಗಳಿಗೆ ಒಂದೊಂದು ಚೊಂಬು ನೀರು ಸುರಿದು ಕೆಳಗೆ ಇಳಿಯುತ್ತದೆಯೇ ಎಂದು ನೋಡುತ್ತೇನೆ. ಮುಚ್ಚಳದ ಮೇಲೆ ಮಂಜು ಕಟ್ಟಿದ ದಿನ ಗುಂಡಿ ಒತ್ತುವುದಿಲ್ಲ. ಹಿಮವನ್ನು ಗುಡಿಸಿ, ಅಂಚುಗಳನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ಪಟ್ಟಿ ಬಿಟ್ಟುಕೊಂಡ ಸದ್ದು ಕೇಳಿದ ಮೇಲೆಯೇ ಒತ್ತುತ್ತೇನೆ. ಎಡಗಡೆಯ ಮಡಚಿದ ಕೊಳವೆಯ ಜಾಗದಲ್ಲಿ ಪಾರದರ್ಶಕ ಕೊಳವೆ ಹಾಕಿದ್ದೇನೆ. ಚಕ್ರದ ಪಕ್ಕ ಬಗ್ಗಿದರೆ ಒಳಗೆ ಕಸ ಕೂತಿದೆಯೇ ಎಂಬುದು ಕಾಣುತ್ತದೆ.