ಅಡಿಕೆ ರೇಟಿನ ಮೇಲ್ ಸ್ಪ್ಯಾಮಿಗೆ ಹೋಗ್ತಿತ್ತು, ಸರಿ ಮಾಡಿದ್ದು ಹೀಗೆ
ಶಿರಸಿಲಿ ನಮ್ಮ ಸೊಸೈಟಿಯಿಂದ ಸದಸ್ಯರಿಗೆ ದಿನಾ ಚಾಲಿ, ರಾಶಿ, ಬೆಟ್ಟೆ ಅಡಿಕೆ ರೇಟ್ ಮೇಲ್ ಮಾಡ್ತೀವಿ, ಆದ್ರೆ ಜಿಮೇಲ್ ಇರೋರಿಗೆಲ್ಲ ಸೀದಾ ಸ್ಪ್ಯಾಮಿಗೆ ಹೋಗ್ತಿತ್ತು, ರೇಟ್ ಗೊತ್ತಾಗ್ದೆ ಮೂಟೆ ತಂದೋರನ್ನ ನೋಡಿ ಬಹಳ ಬೇಜಾರಾಗ್ತಿತ್ತು. 2024ರ ಫೆಬ್ರವರಿಯಿಂದ ಜಿಮೇಲಿಗೆ ದಿನಕ್ಕೆ 5000 ಅಥವಾ ಹೆಚ್ಚು ಮೇಲ್ ಕಳಿಸೋರಿಗೆ ಎಸ್‌ಪಿಎಫ್ (ಡೊಮೇನ್ ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರಿಗೆ ಒಪ್ಪಿಗೆ ಅನ್ನೋ ಪಟ್ಟಿ), ಡಿಕಿಮ್ (ಮೇಲಿಗೆ ಹಾಕೋ ಡಿಜಿಟಲ್ ಸಹಿ), ಡಿಮಾರ್ಕ್ (ಇವುಗಳಲ್ಲಿ ಪಾಸಾಗದ ಮೇಲನ್ನ ಏನ್ ಮಾಡ್ಬೇಕು ಅನ್ನೋ ಸೂಚನೆ) ಮೂರೂ ಬೇಕು, ನಮ್ಮಂಥ ಸಣ್ಣೋರಿಗೂ ಮೊದಲಿನ ಎರಡರಲ್ಲಿ ಒಂದಾದ್ರೂ ಬೇಕೇ ಬೇಕು.

ಒಂದು ಮೇಲಿನ ಹೆಡರ್ (ಮೇಲ್ ಜೊತೆ ಬರೋ ತಾಂತ್ರಿಕ ವಿವರ) ತೆಗ್ದು ನೋಡಿದ್ರೆ ಎಸ್‌ಪಿಎಫ್ ಎದುರು ಪರ್ಮ್‌ಎರರ್, ಅಂದ್ರೆ ರೆಕಾರ್ಡೇ ತಪ್ಪಿದೆ ಅಂತ. ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿವರ ಇರೋ ಕಡೆ) ಎಸ್‌ಪಿಎಫ್ ರೆಕಾರ್ಡ್ ಎರಡಿತ್ತು, ಹಳೇ ಹೋಸ್ಟಿಂಗಿಂದು ಒಂದು, ಹೊಸ ಮೇಲ್ ಸರ್ವಿಸಿಂದು ಒಂದು! ಡೊಮೇನಿಗೆ ಒಂದೇ ಇರ್ಬೇಕು. ಎರಡರ ಇನ್‌ಕ್ಲೂಡ್‌ನೂ (ಒಪ್ಪಿಗೆ ಇರೋ ಸರ್ವಿಸಿನ ಹೆಸರು) ಒಂದೇ ಸಾಲಿಗೆ ಸೇರ್ಸಿ ಇನ್ನೊಂದನ್ನ ಅಳಿಸ್ದೆ, ಡಿಕಿಮ್ ಕೀ ಹಾಕ್ದೆ, ಡಿಮಾರ್ಕ್ ಸದ್ಯಕ್ಕೆ ‘ನನ್’ (none, ಅಂದ್ರೆ ಏನೂ ತಡೀಬೇಡ, ರಿಪೋರ್ಟ್ ಮಾತ್ರ ಕಳ್ಸು) ಇಟ್ಟೆ, ರಿಪೋರ್ಟ್ ನೋಡ್ಕೊಂಡು ಆಮೇಲೆ ಬಿಗಿ ಮಾಡೋದೇ ಒಳ್ಳೇದು.

ಮರುದಿನ ಹುಲೇಕಲ್ ಕಡೆ ಅಣ್ಣ ಒಬ್ರು ಫೋನ್ ಮಾಡಿದ್ರು, "ತಮಾ, ಮೇಲ್ ಬಂಜು" (ಮೇಲ್ ಬಂತು) ಅಂತ.